ರಸ್ತೆ ಮುಚ್ಚಿ, ಕಾರಿಗೆ ಮುಚ್ಚಿ, ನಮ್ಮ ಮಕ್ಕಳಿಗಲ್ಲ



ಪೋಸ್ಟ್ ಉದ್ದ ಆಗುತ್ತೆ. ಪುರುಸೊತ್ತಿಲ್ಲದೋರು ಕೊನೇ ಎರಡು ಪ್ಯಾರಾ ಆದ್ರೂ ಓದಿ. ಬರೋ ಭಾನುವಾರ ನಿಮ್ಮಿಂದ ಒಂದು ಕೆಲಸ ಆಗಬೇಕಿದೆ.

ನಮ್ಮ ಕಾಲೋನಿಗೂ ಪಕ್ಕದ ಬಡಾವಣೆಗೂ ನಡುವೆ ಇರೋದು ಒಂದು ಮೋರಿ, ಅದರ ಮೇಲೊಂದು ಸಣ್ಣ ಸೇತುವೆ, ಅಷ್ಟೇ. ಆ ಕಡೆ 40 ಅಡಿ ರಸ್ತೆ, ಎರಡೂ ಬದಿ ಹೊಂಗೆ ಮರ. ಈ ಕಡೆ 15 ಅಡಿ ರಸ್ತೆ, ಅದರಲ್ಲೇ ನಲ್ಲಿ, ಅದರಲ್ಲೇ ಗಾಡಿ, ಅದರಲ್ಲೇ ಮಕ್ಕಳು. ಎರಡು ತಿಂಗಳಿಂದ ಭಾನುವಾರ ಬೆಳಿಗ್ಗೆ 6ರಿಂದ 9ರವರೆಗೆ ಆ ಕಡೆಯ ರಸ್ತೆಯ ಎರಡೂ ತುದಿಗೆ ಬ್ಯಾರಿಕೇಡ್ ಇಡ್ತಾ ಇದಾರೆ. ಮಕ್ಕಳು ಆಡಲಿ ಅಂತ. ಸೈಕಲ್ಲು, ಶಟಲ್ಲು, ಸೀಮೆಸುಣ್ಣದಲ್ಲಿ ಬರೆದ ಕುಂಟೆಬಿಲ್ಲೆ ಮನೆ, ಒಂದು ಮೂಲೇಲಿ ಲಗೋರಿ. ಮೊದಲ ವಾರ ನೋಡಿದಾಗ ನನಗೆ ನಿಜವಾಗ್ಲೂ ಖುಷಿ ಆಯ್ತು. ಸುಳ್ಳು ಹೇಳಲ್ಲ, ಅಲ್ಲೇ ನಿಂತು ಹತ್ತು ನಿಮಿಷ ನೋಡಿದೆ.

ಮೂರನೇ ವಾರ ನನ್ನ ತಂಗಿ ಮಗ, ಆರನೇ ಕ್ಲಾಸು, ಜೊತೆಗೆ ನಾಲ್ಕು ಹುಡುಗರನ್ನ ಕಟ್ಕೊಂಡು ಬ್ಯಾಟು ಹಿಡ್ಕೊಂಡು ಹೋದ. ಅರ್ಧ ಗಂಟೇಲಿ ವಾಪಸ್ಸು. ಯಾಕಪ್ಪಾ ಅಂದ್ರೆ, "ಮಾವ, ಅಲ್ಲಿ ಆಡಕ್ಕೆ ಅಸೋಸಿಯೇಷನ್ ಕಾರ್ಡ್ ಬೇಕಂತೆ" ಅಂದ. ಯಾರು ಕೇಳಿದ್ರು? ಬ್ಯಾರಿಕೇಡ್ ಹತ್ರ ಟೀಶರ್ಟ್ ಹಾಕ್ಕೊಂಡು ನಿಂತಿದ್ದೋರು. ಏನು ಕೇಳಿದ್ರು? "ಯಾವ ರೋಡಪ್ಪ ನಿಮ್ಮದು?" ಅಷ್ಟೇ. ಬೈದಿಲ್ಲ, ಹೊಡೆದಿಲ್ಲ, ಜಾತಿ ಹೆಸರು ಎತ್ತಿಲ್ಲ. ನಗುನಗ್ತಾನೇ ಕೇಳಿದ್ರಂತೆ. ನಮ್ಮ ಅಜ್ಜನ್ನ "ಯಾವ ಕೇರಿಯೋನೋ" ಅಂತ ಕೇಳ್ತಿದ್ರು, ನಮ್ಮ ಹುಡುಗನ್ನ "ಯಾವ ರೋಡಪ್ಪ" ಅಂತ ಕೇಳ್ತಾರೆ. ಉತ್ತರ ಕೊಟ್ಟ ಮೇಲೆ ಆಗೋದು ಒಂದೇ.

ಆ ರಸ್ತೆ ಅಸೋಸಿಯೇಷನ್‌ದಲ್ಲ. ಅದಕ್ಕೆ ಡಾಂಬರು ಹಾಕಿರೋದು ಪಾಲಿಕೆ ದುಡ್ಡಲ್ಲಿ. ಬೆಳಿಗ್ಗೆ ಐದೂವರೆಗೆ ಅದನ್ನ ಗುಡಿಸೋದು ನಮ್ಮ ಕಾಲೋನಿಯ ಪೌರಕಾರ್ಮಿಕ ಹೆಣ್ಣುಮಕ್ಕಳು. ಅವರು ಗುಡಿಸಿ ಹೋದ ಅರ್ಧ ಗಂಟೆಗೆ ಅದೇ ಜಾಗದಲ್ಲಿ ಅವರ ಮೊಮ್ಮಕ್ಕಳಿಗೆ ಕಾರ್ಡ್ ಕೇಳ್ತಾರೆ. ನನ್ನ ತಂಗಿ ಅದೇ ರಸ್ತೆಯ ಎರಡು ಮನೇಲಿ ಪಾತ್ರೆ ತೊಳೀತಾಳೆ. ಭಾನುವಾರ ಏಳು ಗಂಟೆಗೆ ಅದೇ ಬ್ಯಾರಿಕೇಡ್ ದಾಟಿ ಕೆಲಸಕ್ಕೆ ಹೋಗ್ತಾಳೆ, ಅವಳಿಗೆ ಯಾರೂ ಕಾರ್ಡ್ ಕೇಳಲ್ಲ. ಈ ಪೋಸ್ಟ್ ಬರೀತೀನಿ ಅಂದಾಗ "ಅಣ್ಣಾ, ಬುಟ್ಬುಡು, ಮನೆ ಕೆಲಸ ಹೋದ್ರೆ ಯಾರು ಕೊಡ್ತಾರೆ" ಅಂದಳು. ಎರಡು ದಿನ ಬಿಟ್ಟು "ಬರಿ, ಆದ್ರೆ ಬಡಾವಣೆ ಹೆಸರು ಹಾಕ್ಬೇಡ" ಅಂದಳು. ಅದಕ್ಕೇ ಹಾಕಿಲ್ಲ. ಕಾಮೆಂಟಲ್ಲೂ ಯಾರೂ ಹಾಕಬೇಡಿ, ದಯವಿಟ್ಟು.

ಈಗ ಕೆಲವು ಗೆಳೆಯರಿಗೆ ಹೇಳಬೇಕಾದ ಮಾತು. "ಊರೂರಲ್ಲಿ ಬಹಿಷ್ಕಾರ ನಡೀತಿದೆ, ಕೊಲೆ ನಡೀತಿದೆ, ನೀನು ಮಕ್ಕಳ ಆಟ ಹಿಡ್ಕೊಂಡು ಕೂತಿದೀಯಲ್ಲ" ಅಂತ ಒಬ್ಬರು ಫೋನ್ ಮಾಡಿ ಕೇಳಿದ್ರು. ಹಿರಿಯರು, ಅವರ ಮೇಲೆ ಗೌರವ ಇದೆ. ಆದರೆ ಅಣ್ಣಾ, ವೈಕಂ ಸತ್ಯಾಗ್ರಹ ಯಾತಕ್ಕೆ ನಡೀತು? ದೇವಸ್ಥಾನದ ಒಳಗೆ ಹೋಗೋಕಲ್ಲ, ಸುತ್ತ ಇದ್ದ ರಸ್ತೆಯಲ್ಲಿ ನಡೆಯೋಕೆ. 1924ರ ಮಾರ್ಚ್ 30ರಂದು ಶುರುವಾಯ್ತು. ಪೆರಿಯಾರ್ ಅಲ್ಲಿ ಜೈಲಿಗೆ ಹೋದ್ರು. ಒಂದೂವರೆ ವರ್ಷಕ್ಕೂ ಹೆಚ್ಚು ಹೋರಾಡಿದ ಮೇಲೆ ಸಿಕ್ಕಿದ್ದು ಏನು? ಮೂರು ದಿಕ್ಕಿನ ರಸ್ತೆ ತೆರೆದ್ರು, ಪೂರ್ವದ ರಸ್ತೆಯನ್ನ ಮಾತ್ರ ಸವರ್ಣರಿಗೇ ಉಳಿಸಿಕೊಂಡ್ರು. ಅದೂ ಸಿಗೋಕೆ 1936ರ ತನಕ ಕಾಯಬೇಕಾಯ್ತು. ಮಹಾಡ್‌ನಲ್ಲಿ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿದಾಗಲೂ "ಬರೀ ನೀರು ತಾನೇ" ಅಂದೋರು ಇದ್ದೇ ಇರ್ತಾರೆ.

ಆಟ ಅನ್ನೋದು ಸಣ್ಣ ವಿಷಯ ಅನ್ನೋರಿಗೆ ಇನ್ನೊಂದು ಹೆಸರು ನೆನಪಿಸ್ತೀನಿ. ಪಾಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಚಮಗಾರರ ಮನೇಲಿ. ಪುಣೆಯಲ್ಲಿ ಹಿಂದೂ ತಂಡಕ್ಕೆ ಬೌಲಿಂಗ್ ಮಾಡೋಕೆ ಅವರು ಬೇಕಿತ್ತು, ಚಹಾದ ಹೊತ್ತಿಗೆ ಮಾತ್ರ ಪೆವಿಲಿಯನ್ ಹೊರಗೆ, ಕುಡಿದು ಬಿಸಾಕೋ ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಮನುಷ್ಯ ಅವರು. ಆಟದ ಮೈದಾನದಲ್ಲಿ ಜಾತಿ ಇರಲ್ಲ ಅನ್ನೋದು ಆಡೋಕೆ ಬಿಟ್ಟ ಮೇಲಿನ ಮಾತು. ನಮ್ಮ ಹುಡುಗ ಇನ್ನೂ ಬ್ಯಾರಿಕೇಡ್ ಹತ್ರಾನೇ ನಿಂತಿದಾನೆ.

ಇನ್ನು ನಮ್ಮ ಯುವಕರು. "ಅಣ್ಣ, ಹೋಗಿ ಬ್ಯಾರಿಕೇಡ್ ಎತ್ತಿ ಬಿಸಾಕೋಣ" ಅಂತಾರೆ. ಇದಕ್ಕೆ ನನ್ನ ಪೂರ್ತಿ ವಿರೋಧ ಇದೆ. ಬ್ಯಾರಿಕೇಡ್ ತಪ್ಪಲ್ಲ. ಊರಲ್ಲಿ ಮಕ್ಕಳಿಗೆ ಜಾಗ ಇಲ್ಲ. ಮೈದಾನ ಇದ್ದ ಕಡೆ ಕಟ್ಟಡ ಎದ್ದಿದೆ, ಪಾರ್ಕಲ್ಲಿ "ಚೆಂಡಾಟ ನಿಷೇಧಿಸಿದೆ" ಅಂತ ಬೋರ್ಡು. ರಸ್ತೆ ಪೂರ್ತಿ ಕಾರಿನ ಆಸ್ತಿ ಆಗಿದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 2009ರಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ತಾಯಂದಿರು ತಮ್ಮ ಬೀದಿಯನ್ನ ಕೆಲವು ಗಂಟೆ ಮುಚ್ಚಿ ಮಕ್ಕಳನ್ನ ಆಡೋಕೆ ಬಿಟ್ಟರು. ಅದು ಈಗ ಆ ದೇಶದ ಎಷ್ಟೋ ಊರಿಗೆ ಹಬ್ಬಿದೆ. ಅಲ್ಲಿನ ಕ್ರಮ ಗಮನಿಸಿ: ಎರಡೂ ತುದಿಯಲ್ಲಿ ಬೀದಿಯವರೇ ನಿಲ್ತಾರೆ, ಹಾದುಹೋಗೋ ಗಾಡಿಯನ್ನ ತಡೀತಾರೆ, ಆ ಬೀದಿಯವರ ಕಾರು ಬಂದ್ರೆ ನಡಿಗೆಯ ವೇಗದಲ್ಲಿ ಒಳಗೆ ಕರ್ಕೊಂಡು ಹೋಗ್ತಾರೆ. ಮುಚ್ಚೋದು ಚಕ್ರಕ್ಕೆ, ಕಾಲಿಗಲ್ಲ. ಗುರುಗ್ರಾಮದಲ್ಲಿ 2013ರಲ್ಲಿ ರಾಹಗಿರಿ ಶುರುವಾದಾಗ, ಬೆಂಗಳೂರಿನ ಚರ್ಚ್ ಸ್ಟ್ರೀಟನ್ನ 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಗಾಡಿಗಳಿಗೆ ಮುಚ್ಚಿದಾಗ, ನಡ್ಕೊಂಡು ಬಂದೋರನ್ನ ತಡೆಯೋದು ಅದರ ಉದ್ದೇಶ ಆಗಿರಲಿಲ್ಲ.

ಕಾನೂನೂ ಅದನ್ನೇ ಹೇಳುತ್ತೆ. 1988ರ ಮೋಟಾರು ವಾಹನ ಕಾಯ್ದೆ, ಕಲಂ 115 ತೆಗೆದು ನೋಡಿ. ಸಾರ್ವಜನಿಕ ಸುರಕ್ಷತೆ, ಅನುಕೂಲಕ್ಕಾಗಿ ಒಂದು ರಸ್ತೆಯಲ್ಲಿ ವಾಹನ ಓಡಾಟ ನಿರ್ಬಂಧಿಸಬಹುದು. ವಾಹನ. ಮಗುವನ್ನ ನಿರ್ಬಂಧಿಸಿ ಅಂತ ಎಲ್ಲೂ ಇಲ್ಲ. ಸಂವಿಧಾನದ 15(2)ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟದ ಜೊತೆ ರಸ್ತೆ ಅನ್ನೋ ಪದ ಸುಮ್ನೆ ಬಂದಿಲ್ಲ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಲ್ಲೂ ರಸ್ತೆ ಇದೆ. ಹಾಗಾದ್ರೆ ಕೇಸ್ ಯಾಕೆ ಹಾಕಲಿಲ್ಲ ಅಂತೀರಿ. ಹನ್ನೊಂದು ವರ್ಷದ ಹುಡುಗನ್ನ ಠಾಣೇಲಿ ಕೂರಿಸಿ "ಅವರು ನಿನಗೆ ಜಾತಿ ಹೆಸರು ಹೇಳಿದ್ರಾ" ಅಂತ ನಾಲ್ಕು ಸಲ ಕೇಳ್ತಾರೆ. ಅವನಿಗೆ ಅದು ಬೇಡ ಅಂತ ನಾನೇ ತೀರ್ಮಾನ ಮಾಡಿದೆ. ತಪ್ಪಿರಬಹುದು. ಬೈಯೋರು ಬೈರಿ.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಆ ಕಡೆ ರಸ್ತೆ ಮುಚ್ಚಿದ ಮೂರು ಗಂಟೆ ಗಾಡಿಗಳೆಲ್ಲ ಎಲ್ಲಿ ಹೋಗ್ತವೆ? ಆವಿಯಾಗಿ ಹೋಗಲ್ಲ. ಸೇತುವೆ ದಾಟಿ ನಮ್ಮ 15 ಅಡಿ ರಸ್ತೆಗೆ ನುಗ್ತವೆ. ಮ್ಯಾಪು ತೋರಿಸುತ್ತೆ, ಇವರು ಬರ್ತಾರೆ, ಹಾರ್ನ್ ಹೊಡೀತಾರೆ. ನಲ್ಲಿ ಮುಂದೆ ಸಾಲಿಟ್ಟ ಕೊಡ ಎತ್ತಬೇಕು, ಜಗಲಿ ಮೇಲೆ ಕಾಲು ಚಾಚಿ ಕೂತ ಅಜ್ಜಿ ಕಾಲು ಮಡಚ್ಕೋಬೇಕು. ಮೊನ್ನೆ ಒಂದು ಮಗುವಿನ ಮೊಣಕಾಲು ಬೈಕಿಗೆ ಸಿಕ್ಕಿ ತರಚಿದೆ, ದೊಡ್ಡದೇನೂ ಆಗಿಲ್ಲ. ಅಂದ್ರೆ ಅವರ ಮಕ್ಕಳ ಮೂರು ಗಂಟೆ ಆಟಕ್ಕೆ ನಮ್ಮ ಮಕ್ಕಳು ಅಲ್ಲೂ ಆಡೋ ಹಾಗಿಲ್ಲ, ಇಲ್ಲೂ ಆಡೋ ಹಾಗಿಲ್ಲ.

ಸರಿ, ನಾವೂ ಕೇಳೋಣ ಅಂತ ಅರ್ಜಿ ಬರೆದೆವು. ಭಾನುವಾರ ಸಂಜೆ 4ರಿಂದ 6, ನಮ್ಮ ರಸ್ತೆಯನ್ನೂ ಗಾಡಿಗಳಿಗೆ ಮುಚ್ಚಿಕೊಡಿ, 62 ಸಹಿ, ಅದರಲ್ಲಿ ಏಳು ಹೆಬ್ಬೆಟ್ಟು. ನಾನು ಗುಮಾಸ್ತ, ಇಪ್ಪತ್ತು ವರ್ಷ ಟಪಾಲು ನೋಡಿದೀನಿ. ಯಾವ ಅರ್ಜಿ ಮೇಜಿಂದ ಮೇಜಿಗೆ ಹಾರುತ್ತೆ, ಯಾವುದು ಕಡತದಲ್ಲಿ ಮಲಗುತ್ತೆ ಅಂತ ಕಾಗದ ನೋಡಿಯೇ ಹೇಳಬಲ್ಲೆ. ಸ್ವೀಕೃತಿ ಮುದ್ರೆ ಹಾಕಿಸ್ಕೊಂಡೇ ಬಂದಿದೀನಿ. ಐದು ವಾರ ಆಯ್ತು, "ಪರಿಶೀಲನೆಯಲ್ಲಿದೆ". ಬಡಾವಣೆಯವರಿಗೆ ನಾಲ್ಕೇ ದಿನಕ್ಕೆ ಅನುಮತಿ ಸಿಕ್ಕಿತ್ತು ಅಂತ ಅವರೇ ಹೆಮ್ಮೆಯಿಂದ ಹೇಳ್ತಾರೆ. ಬಾಯಿಮಾತಲ್ಲಿ ನಮಗೆ ಸಿಕ್ಕ ಉತ್ತರ: "ನಿಮ್ಮ ಕಡೆ ರೋಡ್ ಬಂದ್ ಮಾಡಿದ್ರೆ ಗಲಾಟೆ ಆಗುತ್ತೆ ಕಣ್ರೀ. ಜಯಂತಿಗೆ ಹೇಗೂ ಕೊಡ್ತೀವಲ್ಲ."

ಜಯಂತಿಗೆ ಕೊಡ್ತಾರೆ! ಏಪ್ರಿಲ್ 14ಕ್ಕೆ ಅನುಮತಿ ಕೇಳೋಕೆ ಹೋದಾಗ ಎಷ್ಟು ಷರತ್ತು, ಎಷ್ಟು ಮುಚ್ಚಳಿಕೆ, ಎಷ್ಟು ಗಂಟೆಗೆ ಮೈಕ್ ಆಫ್ ಅಂತ ಎಷ್ಟು ಸಲ ಎಚ್ಚರಿಕೆ, ಅರ್ಜಿ ಬರೆದು ಬರೆದು ಕೈ ಸವೆಸಿದ ನನಗೆ ಗೊತ್ತು. ಗಣಪತಿ ಪೆಂಡಾಲು ರಸ್ತೆ ಮಧ್ಯೆ ಐದು ದಿನ ನಿಂತ್ರೆ ಅದು ಸಂಸ್ಕೃತಿ. ಬಡಾವಣೆಯ ಮಕ್ಕಳು ಆಡಿದ್ರೆ ಅದು ಆರೋಗ್ಯ. ನಮ್ಮ ಮಕ್ಕಳು ರಸ್ತೇಲಿ ಆಡಿದ್ರೆ "ಬೀದಿ ಮಕ್ಕಳು". ಒಂದೇ ಬೀದಿ, ಒಂದೇ ಆಟ.

ನಮ್ಮದೇ ತಟ್ಟೆಯಲ್ಲಿರೋ ಕಲ್ಲನ್ನೂ ತೋರಿಸಬೇಕು. ಅರ್ಜಿಗೆ ಸಹಿ ಮಾಡಿಸೋಕೆ ಹೋದಾಗ ಒಬ್ಬ ತಾಯಿ ಕೇಳಿದ್ಲು, "ಬಂದ್ ಮಾಡಿದ್ರೆ ಆಡೋರು ಯಾರಣ್ಣ, ಗಂಡು ಹೈಕಳು ತಾನೇ? ನನ್ನ ಮಗಳು ಆ ಹೊತ್ತಲ್ಲಿ ನೀರು ಹಿಡೀಬೇಕು." ನನ್ನ ಹತ್ರ ಉತ್ತರ ಇರಲಿಲ್ಲ. ಹೌದು, ನಮ್ಮ ರಸ್ತೇಲಿ ಹತ್ತು ವರ್ಷ ದಾಟಿದ ಹೆಣ್ಣುಮಕ್ಕಳು ಆಡೋದನ್ನ ನಾನು ನೋಡಿಲ್ಲ. ಎರಡು ಗಂಟೆಯಲ್ಲಿ ಒಂದು ಗಂಟೆ ಹುಡುಗೀರಿಗೆ, ಆ ಹೊತ್ತಿಗೆ ನೀರು ಹಿಡಿಯೋದು ಅಣ್ಣತಮ್ಮಂದಿರು ಅಂತ ಅರ್ಜಿಯ ಹಿಂದೆ ಸೇರಿಸಿ ಬರೆದೆ. ಕಚೇರಿಗೆ ಅದು ಬೇಕಿಲ್ಲ, ನಮಗೆ ಬೇಕು. ಕೆಲವು ಗಂಡಸರು ನಕ್ಕರು. ನಗಲಿ.

ಬಡಾವಣೆಯಲ್ಲಿ ಎಲ್ಲರೂ ಒಂದೇ ಅಂತ ನಾನು ಹೇಳ್ತಿಲ್ಲ. ಅಲ್ಲಿನ ಒಬ್ಬ ನಿವೃತ್ತ ಮೇಷ್ಟ್ರು ವಿಷಯ ತಿಳಿದು ನಮ್ಮ ಮನೆಗೇ ಬಂದು, ಬೇಜಾರು ಮಾಡ್ಕೊಂಡು, ಚಹಾ ಕುಡಿದು ಹೋದ್ರು. ಮುಂದಿನ ಮೀಟಿಂಗಲ್ಲಿ ಮಾತಾಡ್ತೀನಿ ಅಂದಿದಾರೆ. ಮಾತಾಡಲಿ. ಮೀಟಿಂಗಲ್ಲಿ ಅವರು ಒಬ್ಬರೇ ಆಗಬಾರದು ಅಂತಾನೇ ಇದನ್ನ ಬರೀತಿರೋದು.

ನಮ್ಮ ಬೇಡಿಕೆ ಇಷ್ಟು. ಅನುಮತಿ ಪತ್ರದಲ್ಲೇ "ಈ ರಸ್ತೆ ವಾಹನಗಳಿಗೆ ಮಾತ್ರ ಮುಚ್ಚಿದೆ, ಎಲ್ಲ ಮಕ್ಕಳಿಗೂ ತೆರೆದಿದೆ" ಅಂತ ಷರತ್ತು ಬರೀಬೇಕು, ಅದೇ ಸಾಲನ್ನ ಕನ್ನಡದಲ್ಲಿ ದೊಡ್ಡದಾಗಿ ಬರೆದು ಬ್ಯಾರಿಕೇಡಿಗೆ ತೂಗು ಹಾಕಬೇಕು. ಆ ಮೂರು ಗಂಟೆ ಸೇತುವೆ ಹತ್ರ ಒಬ್ಬ ಟ್ರಾಫಿಕ್ ಸಿಬ್ಬಂದಿ ನಿಂತು ಗಾಡಿಗಳನ್ನ ಹೊರವರ್ತುಲಕ್ಕೆ ತಿರುಗಿಸಬೇಕು. ನಮ್ಮ ಅರ್ಜಿಗೆ ಹೌದೋ ಅಲ್ಲವೋ, ಕಾರಣ ಸಮೇತ ಲಿಖಿತವಾಗಿ ಉತ್ತರ ಕೊಡಬೇಕು. ಕೊಡದಿದ್ರೆ ಮಾಹಿತಿ ಹಕ್ಕಿನಲ್ಲಿ ಎರಡೂ ಕಡತದ ಟಿಪ್ಪಣಿ ಹಾಳೆ ಕೇಳ್ತೀನಿ, ಯಾವ ದಿನ ಯಾರ ಮೇಜಲ್ಲಿತ್ತು ಅಂತ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಆಗ್ಲೇ ತಂದಿಟ್ಟಿದೀನಿ.

ಬರೋ ಭಾನುವಾರ ಬೆಳಿಗ್ಗೆ 6 ಗಂಟೆಗೆ ಮೋರಿ ಸೇತುವೆ ಹತ್ರ ಬನ್ನಿ. ಘೋಷಣೆ ಬೇಡ, ಬಾವುಟ ಬೇಡ, ಯಾರೂ ಬ್ಯಾರಿಕೇಡ್ ಮುಟ್ಟೋ ಹಾಗಿಲ್ಲ. ನಿಮ್ಮ ಮನೆ ಮಕ್ಕಳನ್ನ ಕರ್ಕೊಂಡು ಬನ್ನಿ, ಹೆಣ್ಣುಮಕ್ಕಳನ್ನ ಮೊದಲು. ನಾವು ನಡ್ಕೊಂಡು ಒಳಗೆ ಹೋಗ್ತೀವಿ, ಆಡ್ತೀವಿ, 9ಕ್ಕೆ ವಾಪಸ್ ಬರ್ತೀವಿ. ಯಾವ ರೋಡು ಅಂತ ಕೇಳಿದ್ರೆ "ಇದೇ ರೋಡು" ಅಂತ ಮಕ್ಕಳೇ ಹೇಳಲಿ, ನೀವು ಬಾಯಿ ಹಾಕಬೇಡಿ. ಬ್ಯಾಟು ನಮ್ಮ ಹತ್ರ ಒಂದಿದೆ, ಚೆಂಡು ಯಾರಾದ್ರೂ ತನ್ನಿ. ಹಳೇದು ಮೋರಿಗೆ ಬಿದ್ದಿದೆ.

ಜೈ ಭೀಮ್.