ಸರೋವರಕ್ಕೆ ಮೀನನ್ನು ತಂದವರಾರು?

ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಬರೆದಿದ್ದಾನೆ: "ಮೇಷ್ಟ್ರೇ, ಸಿಯೆರಾ ನೆವಾಡಾ ಪರ್ವತಗಳಲ್ಲಿ ಕಾಲುದಾರಿಯನ್ನೂ ಬಿಟ್ಟು ಎರಡು ದಿನ ಬಂಡೆಗಳ ಮೇಲೆ ನಡೆದು, ಮನುಷ್ಯನ ಕೈ ಸೋಕದ ಸರೋವರದಲ್ಲಿ ಟ್ರೌಟ್ ಮೀನು ಹಿಡಿದೆ." ಅವನ ಕಾಲ್ಬಲವನ್ನು ಮೆಚ್ಚಿದೆ, ಮಾತಿನ ಕೆಳಗೆ ಮಾತ್ರ ಕೆಂಪು ಶಾಯಿಯ ಗೆರೆ ಎಳೆಯಲೇಬೇಕಾಗಿದೆ.

ಅಯ್ಯಾ, ಮನುಷ್ಯನ ಕೈ ಸೋಕದಿದ್ದರೆ ನಿನ್ನ ಗಾಳಕ್ಕೆ ಮೀನೇ ಬೀಳುತ್ತಿರಲಿಲ್ಲ! ಆ ಎತ್ತರದ ಸರೋವರಗಳಲ್ಲಿ ಹೆಚ್ಚಿನವು ಮೊದಲು ಮೀನಿಲ್ಲದವು. ಜಲಪಾತಗಳನ್ನೇರಿ ಬರಲು ಮೀನಿಗೆ ಸಾಧ್ಯವಿರಲಿಲ್ಲ. 19ನೆಯ ಶತಮಾನದಿಂದ ಜನರೇ ಹೇಸರಗತ್ತೆಗಳ ಮೇಲೆ ಹೊರಿಸಿ, ಮುಂದೆ ವಿಮಾನಗಳಿಂದ ಸುರಿದು, ಅಲ್ಲಿ ಮೀನು ಬಿಟ್ಟರು. ಅದರ ಬೆಲೆ ತೆತ್ತದ್ದು ಅಲ್ಲಿನ ಹಳದಿ ಕಾಲಿನ ಕಪ್ಪೆ. ಅದರ ಗೊದಮೊಟ್ಟೆಗಳು ಬೆಳೆಯಲು ಕೆಲವು ವರ್ಷಗಳೇ ಬೇಕು. ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ ಆಳವಾದ ನೀರೂ ಬೇಕು. ಟ್ರೌಟ್ ಬಿಟ್ಟದ್ದೂ ಅಂಥ ನೀರಿಗೇ. ಮೀನಿನ ಹಸಿವಿಗೆ ಶಿಲೀಂಧ್ರರೋಗವೂ ಜೊತೆಗೂಡಿತು. 2014ರಲ್ಲಿ ಆ ಕಪ್ಪೆಯು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು.

"ನಾನು ಹಿಡಿದಷ್ಟು ಮೀನು ಕಡಿಮೆಯಾಯಿತಲ್ಲ" ಎಂದು ನೀನು ವಾದಿಸಬಹುದು. ಒಂದು ಗಾಳದಿಂದ ಸರೋವರ ಬರಿದಾಗದು. ಯೊಸೆಮಿಟಿ ಉದ್ಯಾನದಲ್ಲಿ 1991ರಲ್ಲಿ ಮೀನು ಬಿಡುವುದನ್ನು ನಿಲ್ಲಿಸಿದರು. ಬಲೆ ಹಾಕಿ ಮೀನನ್ನು ಪೂರ್ತಿ ತೆಗೆದ ಕೆಲವು ಸರೋವರಗಳಲ್ಲಿ ಕಪ್ಪೆಗಳು ಮತ್ತೆ ಹೆಚ್ಚಿವೆ. ಗಾಳಗಾರರ ವಿನೋದಕ್ಕಾಗಿ ಮೀನು ಅಲ್ಲಿಯೇ ಇರಲೆಂದು ಯಾರಾದರೂ ಕೂಗಿದರೆ, ನೀನು ಯಾರ ಪಕ್ಷ?

ಹೋಗಬೇಡವೆನ್ನಲಾರೆ. ಮುಂದಿನ ಬಾರಿ ಗಾಳವನ್ನು ಮನೆಯಲ್ಲಿಟ್ಟು, ಮೀನಿಲ್ಲದ ಸರೋವರವೊಂದಕ್ಕೆ ಹೋಗು. ದಡದಲ್ಲಿ ಬಿಸಿಲಿಗೆ ಮೈಯೊಡ್ಡಿದ ಕಪ್ಪೆಗಳನ್ನು ಎಣಿಸಿ ನನಗೆ ಬರೆ. ಆ ಲೆಕ್ಕಕ್ಕೆ ಪೂರ್ಣಾಂಕ ಕೊಡುತ್ತೇನೆ.