ಸೇತುವೆಗೂ ಒಂದು ಲೆಕ್ಕದ ಪುಸ್ತಕ

ಮುಂಗಾರು ಕಾಲಿಟ್ಟೊಡನೆ ಮರದ ದಿಮ್ಮಿ, ಮರಳು ಮೊದಲಾದುವನ್ನು ಹೊತ್ತ ಲಾರಿಗಳ ಸಂಚಾರವನ್ನು ನಿರ್ಬಂಧಿಸುವ ಆಜ್ಞೆ ಕೊಡಗಿನ ಜಿಲ್ಲಾಡಳಿತದಿಂದ ಹೊರಡುವುದು ವಾಡಿಕೆ. ಆಜ್ಞೆ ಉಚಿತವಾದುದೇ. ಆದರೆ ಮಳೆ ನಿಂತು, ನಿರ್ಬಂಧ ಸಡಿಲಿ, ಕುಶಾಲನಗರದಿಂದ ಮಡಿಕೇರಿಗೆ ಏರುವ ಹೆದ್ದಾರಿಯಲ್ಲಿಯೂ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಕವಲೊಡೆಯುವ ಹಾದಿಯಲ್ಲಿಯೂ ಲಾರಿಗಳು ಮತ್ತೆ ಸಾಲುಗಟ್ಟಿದಾಗ, ಸೇತುವೆಗಳು ಬೇಸಗೆಯ ಭಾರವನ್ನೆಲ್ಲ ದಾಟಿಸಿ ಮರೆತುಬಿಡುವುವೆಂದು ನಾವು ನಂಬಿ ಕುಳಿತಿರುವುದು ಮಾತ್ರ ಭ್ರಮೆ.

ಲೋಹ ಮರೆಯುವುದಿಲ್ಲ. ರೈಲುಗಾಡಿಯ ಅಚ್ಚುಗಳು ಮಿತಿಮೀರಿದ ಭಾರದಿಂದಲೇ ಮುರಿಯಬೇಕೆಂದಿಲ್ಲ, ತಾಳಬಲ್ಲ ಭಾರವೇ ಲಕ್ಷಾಂತರ ಸಲ ಮರಳಿ ಬಿದ್ದರೂ ಸಾಕೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಜರ್ಮನಿಯ ಆಗಸ್ಟ್ ವೋಲರನು ಪ್ರಯೋಗಗಳಿಂದ ತೋರಿಸಿಕೊಟ್ಟನು. ಅಮೆರಿಕದಲ್ಲಿ 1958ರಿಂದ 1960ರ ವರೆಗೆ ಪರೀಕ್ಷಾರ್ಥವಾಗಿ ಕಟ್ಟಿದ ರಸ್ತೆಗಳ ಮೇಲೆ ಲಾರಿಗಳನ್ನು ಸುತ್ತಿಸಿ ನೋಡಿದವರಿಗೆ, ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಲ್ಲಿ ಬೆಳೆಯುವುದೆಂದು ತಿಳಿದುಬಂದಿತು. ನಮ್ಮಲ್ಲಿ 2018ರ ಜುಲೈಯಲ್ಲಿ, ನಾಲ್ಕು ಚಕ್ರಗಳ ಒಂಟಿ ಅಚ್ಚಿಗೆ ಇದ್ದ ಮಿತಿಯನ್ನು ಕೇಂದ್ರ ಸರಕಾರ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರ ಹೆಚ್ಚಿದುದು ನೂರಕ್ಕೆ ಹದಿಮೂರರಷ್ಟು. ನಾಲ್ಕನೆಯ ಘಾತದ ಆ ನಿಯಮ ಹಿಡಿದು ಗುಣಿಸಿದರೆ ಹಾನಿ ಹೆಚ್ಚುವುದು ನೂರಕ್ಕೆ ಅರವತ್ತರಷ್ಟು! ಲಾರಿಯ ಮಾಲೀಕನಿಗೆ ದೊರೆತ ಲಾಭದ ಬಾಕಿ ಯಾರ ಲೆಕ್ಕಕ್ಕೆ ಬಿದ್ದಿತೆಂದು ಕೇಳಿದವರು ವಿರಳ.

ಮರುತಿಂಗಳೇ ಮಕ್ಕಂದೂರು, ಮಾದಾಪುರಗಳ ಸುತ್ತಿನ ಬೆಟ್ಟಗಳು ಕುಸಿದವು. ಇವೆರಡಕ್ಕೆ ನಂಟು ಕಲ್ಪಿಸುವುದು ಸಲ್ಲದು. ಆದರೆ ನೀರೂ ಒಂದು ಭಾರವೆಂಬುದನ್ನು ಆ ಮಳೆಯಷ್ಟು ನಿಷ್ಠುರವಾಗಿ ಬೇರಾರೂ ಕಲಿಸಲಿಲ್ಲ. ರಸ್ತೆಯಂಚಿನ ತಡೆಗೋಡೆಗಳನ್ನು ನಿಂತು ನೋಡಿರಿ: ಹಿಂದಿನ ಮಣ್ಣಿನ ನೀರು ಬಸಿದುಹೋಗಲೆಂದು ಬಿಟ್ಟ ಕೊಳವೆಯ ಬಾಯಿಗೆ ಕೆಸರು ಮೆತ್ತಿ, ಅದರಲ್ಲಿ ಜರೀಗಿಡ ಬೇರೂರಿರುವುದುಂಟು. ಹೊರಬರಲಾರದ ಆ ನೀರು ಗೋಡೆಯನ್ನು ಒತ್ತುತ್ತದೆ. ಗೋಡೆಯ ಮೇಲೆ ಬೀಳುವ ಒಟ್ಟು ಬಲವೋ ನಿಂತ ನೀರಿನ ಎತ್ತರದ ವರ್ಗದಂತೆ ಏರುತ್ತದೆ. ನೆರೆಯ ಹಾರಂಗಿಯಂಥ ಜಲಾಶಯಗಳ ಕಾವಲಿಗೆ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯಾದರೂ ಇದೆ; ಹಳ್ಳದ ಮೇಲಿನ ಕಿರುಸೇತುವೆಗೆ ಅಂಥ ಭಾಗ್ಯವಿಲ್ಲ.

2024ರ ಆಗಸ್ಟ್ 7ರ ನಡುರಾತ್ರಿಯಲ್ಲಿ ಕಾರವಾರದ ಬಳಿ ಕಾಳೀನದಿಯ ಹಳೆಯ ಸೇತುವೆ ಕುಸಿದು, ಲಾರಿಯೊಂದು ನೀರಿಗೆ ಬಿದ್ದಿತು. ಚಾಲಕ ಬದುಕಿ ಉಳಿದುದು ಅದೃಷ್ಟ. ನಾಲ್ಕು ದಶಕಗಳ ವಯಸ್ಸು ಸೇತುವೆಗೆ ಮುಪ್ಪೆಂದು ಹೇಳಲಾಗದು. ವಯಸ್ಸಿಗಿಂತ, ಆ ವಯಸ್ಸಿನಲ್ಲಿ ಅದು ಹೊತ್ತುದೆಷ್ಟು ಎಂಬುದೇ ಕೇಳಬೇಕಾದ ಪ್ರಶ್ನೆ.

ಇದನ್ನು ಅಳೆಯುವ ಉಪಾಯ ದುರ್ಲಭವೇನಲ್ಲ. ಬೆರಳುಗುರಿನಷ್ಟು ಅಗಲದ ಸ್ಟ್ರೇನ್ ಗೇಜೊಂದನ್ನು ತೊಲೆಗೆ ಅಂಟಿಸಿದರೆ, ಲಾರಿ ಹಾದಾಗ ತೊಲೆ ಹಿಗ್ಗಿದಷ್ಟೂ ಅದರ ವಿದ್ಯುತ್ ರೋಧ ಬದಲಾಗುವುದು. ಆ ಏರಿಳಿತಗಳನ್ನು ಎಣಿಸಿ, ಗಣಿತದ ಮಾದರಿಯಲ್ಲಿಟ್ಟು ಒಂದೊಂದರ ಹಾನಿಯನ್ನೂ ಕೂಡಿಸುತ್ತ ಹೋದರೆ, ಆಯುಷ್ಯದಲ್ಲಿ ವ್ಯಯವಾದುದೆಷ್ಟೆಂದು ಅಂದಾಜಿಸಬಹುದು. ಅಂದಾಜೇ ಹೊರತು ಭವಿಷ್ಯವಾಣಿಯಲ್ಲ. ತುಕ್ಕು ಹಿಡಿದ ಕಂಬಿ, ಹೊಳೆ ಕೊರೆದ ಅಡಿಪಾಯ ಇವುಗಳಿಗೆ ಕಣ್ಣಿನ ಪರೀಕ್ಷೆಯೂ ಬೇಕು.

ತೋಟದ ಮಳೆಯನ್ನು ಇಂಚು-ಸೆಂಟುಗಳಲ್ಲಿ ದಿನವೂ ಬರೆದಿಡುವ ಶಿಸ್ತು ಬೆಳೆಗಾರರಲ್ಲಿರುವ ಜಿಲ್ಲೆ ಇದು. ಲೋಕೋಪಯೋಗಿ ಇಲಾಖೆಯವರು ಬರುವ ಮಳೆಗಾಲಕ್ಕೆ ಮೊದಲು ಸುಂಟಿಕೊಪ್ಪ–ಮಾದಾಪುರ ರಸ್ತೆಯ ಒಂದು ಸೇತುವೆಯಲ್ಲಾದರೂ ಈ ಮಾಪಕವನ್ನಿರಿಸಿ, ಅದರ ಅಂಕಿಗಳನ್ನು ತಿಂಗಳಿಗೊಮ್ಮೆ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕೆಂದು ಕೇಳಿಕೊಳ್ಳುತ್ತೇನೆ.