ಗುಣವಾದ ಮೇಲೆ

ಲ್ಯುಕೇಮಿಯಾ ತಗುಲಿದ ಮಗುವಿಗೆ ಆಯುಷ್ಯವಿಲ್ಲವೆಂದು ವೈದ್ಯರೇ ಕೈಚೆಲ್ಲುತ್ತಿದ್ದ ಕಾಲವೊಂದಿತ್ತು. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧದಿಂದ ಆ ವ್ಯಾಧಿ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತೆಂದು ಪ್ರಕಟಿಸಿದರು. ಆ ಔಷಧದ ನಿರ್ಮಾಣದ ಹಿಂದೆ ನಮ್ಮ ನೆರೆಯ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪರಿಶ್ರಮವಿತ್ತು. 1962ರಲ್ಲಿ ಮೆಂಫಿಸ್ ನಗರದಲ್ಲಿ ತೆರೆದ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಅವರ ಸಂಗಡಿಗರು ಹಲವು ಔಷಧಗಳನ್ನೂ ತಲೆಗೆ ಕೊಡುವ ವಿಕಿರಣವನ್ನೂ ಕೂಡಿಸಿ, ಸುಮಾರು ಅರ್ಧದಷ್ಟು ಮಕ್ಕಳನ್ನು ಉಳಿಸುವ ದಾರಿ ಕಂಡರು. ಈ ವ್ಯಾಧಿಯಲ್ಲಿ ಮಕ್ಕಳಿಗೆ ಹೆಚ್ಚಾಗಿ ಬರುವ ಬಗೆಯೊಂದಿದೆ. ಇಂದು ಸಂಪನ್ನ ದೇಶಗಳಲ್ಲಿ ಅದಕ್ಕೆ ತುತ್ತಾದ ನೂರರಲ್ಲಿ ಸುಮಾರು 90 ಮಕ್ಕಳು ಬದುಕುತ್ತಾರೆ.

ಆದರೆ ಉಳಿದ ಜೀವ ಹೇಗೆ ಬಾಳುತ್ತದೆ? ತಲೆಗೆ ಕೊಟ್ಟ ವಿಕಿರಣ ರೋಗವನ್ನು ತಡೆಯಿತಾದರೂ ಅನೇಕ ಮಕ್ಕಳ ಕಲಿಕೆಯ ಶಕ್ತಿಯನ್ನು ಕುಗ್ಗಿಸಿತು. ಇದನ್ನರಿತ ವೈದ್ಯರು ಅದನ್ನು ಕಡಿಮೆ ಮಾಡಿ, ಈಗ ಬಹುಪಾಲು ಮಕ್ಕಳಿಗೆ ಕೈಬಿಟ್ಟು, ಬೆನ್ನುಹುರಿಯ ದ್ರವಕ್ಕೆ ಔಷಧ ಚುಚ್ಚುವ ಕ್ರಮವನ್ನು ಹಿಡಿದಿದ್ದಾರೆ. ಆದರೂ ಎರಡು ಮೂರು ವರ್ಷಗಳ ಚಿಕಿತ್ಸೆಯ ತರುವಾಯ ಕೆಲವರಿಗೆ ಗಮನ ನಿಲ್ಲದು, ಯೋಚನೆ ನಿಧಾನವಾಗುವುದು. ವಿನ್‌ಕ್ರಿಸ್ಟಿನ್ ಎಂಬ ಔಷಧದಿಂದ ಬೆರಳುಗಳ ನರ ಸೋತು ಲೇಖನಿಯ ಹಿಡಿತ ಸಡಿಲವಾಗುವುದು. ಸ್ಟಿರಾಯ್ಡುಗಳಿಂದ ಮೂಳೆಗೂ ಬೇರೆ ಕೆಲವು ಔಷಧಗಳಿಂದ ಹೃದಯಕ್ಕೂ ಆದ ಹಾನಿ ಎಷ್ಟೋ ಕಾಲದ ಮೇಲೆ ತೋರುವುದುಂಟು.

ಹೀಗೆ ಗುಣವಾಗಿ ಶಾಲೆಗೆ ಮರಳಿದ ಬಾಲಕನೊಬ್ಬನ ಉತ್ತರಪತ್ರಿಕೆಯನ್ನು ನಾನು ಕಂಡಿದ್ದೇನೆ. ಬರೆದುದೆಲ್ಲ ಸರಿಯಾಗಿತ್ತು, ಅರ್ಧ ಬರೆಯುವಷ್ಟರಲ್ಲಿ ಗಂಟೆ ಬಾರಿಸಿತ್ತು. ಬರೆಯದೆ ಉಳಿದುದಕ್ಕೆ ಸೊನ್ನೆ. "ಓದು ಹೇಗೆ ಸಾಗಿದೆಯಪ್ಪ?" ಎಂದು ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ತಂದೆ, "ಬದುಕಿದನಲ್ಲ ಸ್ವಾಮಿ, ಅಷ್ಟೇ ಸಾಕು" ಎಂದರು. ಹುಡುಗ ತಲೆ ತಗ್ಗಿಸಿದ.

ಸಾವಿನ ಬಾಗಿಲಿನಿಂದ ಮಗನನ್ನು ಮರಳಿ ಪಡೆದ ತಂದೆಗೆ ಆ ಮಾತು ಸಲ್ಲುತ್ತದೆ. ಶಾಲೆಯೂ ಸಮಾಜವೂ ಅದನ್ನೇ ಆಡಿದರೆ ಮಾತ್ರ ಅನ್ಯಾಯ. ಇಂತಹ ಮಕ್ಕಳ ಜೀವನದ ಹದವನ್ನು ಅಳೆಯಲು ವೈದ್ಯರು ಇಂದು ಬಳಸುವ ಪ್ರಶ್ನಾವಳಿಗಳು ತಾಯಿತಂದೆಗಳನ್ನಷ್ಟೇ ಅಲ್ಲ, ಮಗುವನ್ನೂ ಕೇಳುತ್ತವೆ: ಓಡಬಲ್ಲೆಯಾ? ಭಯವಾಗುತ್ತದೆಯೆ? ಗೆಳೆಯರು ಸೇರಿಸಿಕೊಳ್ಳುತ್ತಾರೆಯೆ? ಪಾಠ ತಿಳಿಯುತ್ತದೆಯೆ?

ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಈ ರೋಗ ಅಂಟುವಂತಹುದಲ್ಲವೆಂದು ತರಗತಿಗೆ ತಿಳಿಸಿರಿ. ನಿಧಾನವನ್ನು ಸೋಮಾರಿತನವೆಂದು ಎಣಿಸದಿರಿ. ಕನಿಕರದಿಂದ ಮೂಲೆಗೂ ಕೂರಿಸದಿರಿ. ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚಾಗಿ ಕೊಡಿರಿ. ವೈದ್ಯರು ಆ ಮಗುವಿಗೆ ವರ್ಷಗಳನ್ನು ದೊರಕಿಸಿ ಕೊಟ್ಟಿದ್ದಾರೆ. ಅರ್ಧ ಗಂಟೆ ನಮ್ಮಿಂದಾಗದೆ?